ಬೆಳಕಿನ ಅಡ್ಡ ಕಂಪನ: ಒಂದು ಕಲ್ಪನೆಯ ಇತಿಹಾಸ

ಮಾಧ್ಯಮದ ಕಣಗಳು ತರಂಗ ಸಾಗುವ ದಿಕ್ಕಿನಲ್ಲಿಯೇ ಹಿಂದುಮುಂದಾಗಿ ಕಂಪಿಸಿದರೆ ಅದು ನೀಳ ತರಂಗ. ಆ ದಿಕ್ಕಿಗೆ ಲಂಬವಾಗಿ ಕಂಪಿಸಿದರೆ ಅಡ್ಡ ತರಂಗ. ಗಾಳಿಯಲ್ಲಿ ಹರಡುವ ಶಬ್ದ ಮೊದಲನೆಯ ಬಗೆಯದು. ಮಿಡಿದ ವೀಣೆಯ ತಂತಿಯಲ್ಲಿ ಓಡುವುದು ಎರಡನೆಯದು. ಇಂದು ಶಾಲಾ ಬಾಲಕನೂ ಬಲ್ಲ ಈ ಭೇದವನ್ನು ಬೆಳಕಿಗೆ ಅನ್ವಯಿಸಲು ವಿದ್ವಾಂಸರಿಗೆ ನೂರಮೂವತ್ತು ವರ್ಷಗಳು ಬೇಕಾದುವು.

1690ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೈಗೆನ್ಸನು ಬೆಳಕಿನ ತರಂಗವನ್ನು ಶಬ್ದದ ಮಾದರಿಯಲ್ಲಿಯೇ ಕಲ್ಪಿಸಿದನು. ಐಸ್‌ಲೆಂಡ್ ಸ್ಪಾರ್ ಎಂಬ ಹರಳು ಒಂದು ಕಿರಣವನ್ನು ಎರಡಾಗಿ ಸೀಳುವುದನ್ನು ಆತನು ಸೊಗಸಾಗಿ ವಿವರಿಸಿದನು. ಆದರೆ ಸೀಳಿದ ಕಿರಣವನ್ನು ಎರಡನೆಯ ಹರಳಿನ ಮೂಲಕ ಹಾಯಿಸಿ, ಆ ಹರಳನ್ನು ತಿರುಗಿಸಿದಾಗ ಬೆಳಕು ಒಮ್ಮೆ ಹೆಚ್ಚಿ ಒಮ್ಮೆ ಕುಗ್ಗುವುದೇಕೆಂಬುದು ಆತನಿಗೆ ಬಗೆಹರಿಯಲಿಲ್ಲ. ಅದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ನೀಳ ತರಂಗಕ್ಕೆ ಪಕ್ಕಗಳೆಂಬುವಿಲ್ಲವಷ್ಟೆ! ಕಿರಣಕ್ಕೆ ಪಕ್ಕಗಳುಂಟೆಂದು ನ್ಯೂಟನ್ನನು ಇದರಿಂದ ಗ್ರಹಿಸಿ, ಅದನ್ನು ತರಂಗವಾದದ ವಿರುದ್ಧವೇ ಬಳಸಿದನು. 1808ರಲ್ಲಿ ಮಾಲುಸನು ಪ್ಯಾರಿಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಿಂದ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಇದೇ ಹರಳಿನಲ್ಲಿ ನೋಡಿದನು. ಪ್ರತಿಫಲನದಿಂದಲೂ ಕಿರಣಕ್ಕೆ ಇಂತಹ ಪಕ್ಕಗಳು ಬರುವುದೆಂದು ಆಗ ತಿಳಿಯಿತು. ಈ ಗುಣಕ್ಕೆ ಧ್ರುವೀಕರಣವೆಂಬ ಹೆಸರು ಆತನಿಂದಲೇ ಬಂದಿತು.

ಪರಸ್ಪರ ಲಂಬವಾಗಿ ಧ್ರುವೀಕೃತವಾದ ಎರಡು ಕಿರಣಗಳು ಕೂಡಿದಾಗ ವ್ಯತಿಕರಣದ ಪಟ್ಟೆಗಳು ಮೂಡುವುದಿಲ್ಲವೆಂದು ಫ್ರೆನೆಲ್ ಮತ್ತು ಅರಾಗೊ ಪ್ರಯೋಗದಿಂದ ತೋರಿಸಿದರು. ಬೆಳಕಿನಲ್ಲಿ ಅಡ್ಡ ಚಲನೆಯೂ ಇರಬಹುದೆಂದು ಯಂಗನು 1817ರ ಜನವರಿಯಲ್ಲಿ ಅರಾಗೊಗೆ ಬರೆದಿದ್ದನು. 1821ರಲ್ಲಿ ಫ್ರೆನೆಲನು ಇನ್ನೂ ಮುಂದೆ ಹೋಗಿ, ಬೆಳಕಿನ ಕಂಪನ ಸಂಪೂರ್ಣವಾಗಿ ಅಡ್ಡವೇ ಎಂದು ಸಾರಿದನು. ಅರಾಗೊ ಅಲ್ಲಿಯವರೆಗೆ ಜೊತೆಗೆ ಬರಲಿಲ್ಲ. ಇದನ್ನು ಬರಿಯ ಹಟವೆನ್ನುವುದು ನ್ಯಾಯವಲ್ಲ. ದ್ರವದಲ್ಲಾಗಲಿ ಅನಿಲದಲ್ಲಾಗಲಿ ಒಂದು ಪದರ ಇನ್ನೊಂದರ ಮೇಲೆ ಸರಿದರೆ ಅದನ್ನು ಸ್ವಸ್ಥಾನಕ್ಕೆ ಮರಳಿಸುವ ಬಲವಿಲ್ಲ. ಆದುದರಿಂದ ಅವುಗಳ ಒಡಲಿನಲ್ಲಿ ಅಡ್ಡ ತರಂಗ ಸಾಗದು. ಫ್ರೆನೆಲನ ಮಾತು ನಿಜವಾದರೆ, ಗ್ರಹಗಳು ಅಡೆತಡೆಯಿಲ್ಲದೆ ಸಂಚರಿಸುವ ಈಥರ್ ಘನವಸ್ತುವಿನಂತೆ ಬಿಗಿಯಾಗಿರಬೇಕಾಗುತ್ತದೆ!

ಸ್ಥಿತಿಸ್ಥಾಪಕ ಘನವಸ್ತುವಿನಲ್ಲಿ ಎರಡು ಬಗೆಯ ತರಂಗಗಳೂ ಹುಟ್ಟುವುವೆಂದೂ, ನೀಳ ತರಂಗವೇ ವೇಗವಾಗಿ ಸಾಗುವುದೆಂದೂ 1830ರ ಸುಮಾರಿಗೆ ಪಾಸನ್ ಗಣಿತದಿಂದ ತೋರಿಸಿದನು. ಬೆಳಕಿನಲ್ಲಿಯಾದರೋ ನೀಳ ತರಂಗದ ಸುಳಿವೇ ಇರಲಿಲ್ಲ. 1865ರಲ್ಲಿ ಮ್ಯಾಕ್ಸ್‌ವೆಲನು ಬೆಳಕನ್ನು ವಿದ್ಯುತ್ಕಾಂತ ಕ್ಷೇತ್ರದ ತರಂಗವೆಂದನು. 1905ರಲ್ಲಿ ಐನ್‌ಸ್ಟೈನನಿಂದ ಈಥರೇ ಅನಾವಶ್ಯಕವಾಯಿತು.

ಪಾಸನ್ನನ ಗಣಿತವಾದರೂ ವ್ಯರ್ಥವಾಗಲಿಲ್ಲ. 1897ರ ಜೂನ್ 12ರ ಅಸ್ಸಾಂ ಭೂಕಂಪದ ಅಲುಗಾಟ ಯೂರೋಪಿನ ಉಪಕರಣಗಳಲ್ಲಿಯೂ ದಾಖಲಾಗಿದ್ದಿತು. ಭಾರತದ ಭೂವಿಜ್ಞಾನ ಸರ್ವೇಕ್ಷಣೆಯ ಓಲ್ಡಂ ಅಂತಹ ದಾಖಲೆಗಳನ್ನು ಪರಿಶೀಲಿಸಿ, ಮೊದಲು ಬರುವ ನೀಳ ತರಂಗವನ್ನೂ ತರುವಾಯ ಬರುವ ಅಡ್ಡ ತರಂಗವನ್ನೂ 1900ರ ತನ್ನ ಲೇಖನದಲ್ಲಿ ಬೇರ್ಪಡಿಸಿದನು. ಭೂಮಿಯ ಹೊರ ತಿರುಳನ್ನು ಅಡ್ಡ ತರಂಗಗಳು ಹಾಯುವುದಿಲ್ಲ. ಆ ಭಾಗ ದ್ರವವೆಂಬ ನಿರ್ಣಯಕ್ಕೆ ಇಂದು ಇದೊಂದು ಮುಖ್ಯ ಆಧಾರ.