ಶಹಾಬಾದಿನ ಪದರಗಲ್ಲು

ಸೇಡಂ, ಚಿತ್ತಾಪುರ, ಶಹಾಬಾದ, ವಾಡಿ, ಚಿಂಚೋಳಿಗಳ ಸೀಮೆಯ ಚರಿತ್ರೆಯನ್ನು ಅರಿಯಬಯಸುವವರು ಶಾಸನಗಳನ್ನೂ ಕಾವ್ಯಗಳನ್ನೂ ಶೋಧಿಸಿದರೆ ಸಾಲದು. ಆ ನೆಲದ ಕಲ್ಲನ್ನೂ ಸಾಕ್ಷಿಯಾಗಿ ಕೇಳಬೇಕಾಗುವುದು. ಶಹಾಬಾದಿಗೆ ಸಮೀಪವಾದ ಭಂಕೂರದ ಪರಿಸರದಲ್ಲಿ ದೊರೆಯುವ, ಜನರು ಪರಸಿಯೆಂದು ಕರೆಯುವ ಕಲ್ಲು ಸುಣ್ಣಕಲ್ಲಿನ ಒಂದು ಪ್ರಭೇದವಾಗಿದೆ.

೧೮೭೨ರಲ್ಲಿ ವಿಲಿಯಂ ಕಿಂಗ್ ಎಂಬ ಭೂಶಾಸ್ತ್ರಜ್ಞನು ಈ ಶಿಲಾವರ್ಗಕ್ಕೆ ಭೀಮಾನದಿಯ ಹೆಸರನ್ನಿಟ್ಟನು. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದಲ್ಲಿ, ನೀರಿನಲ್ಲಿ ಕರಗಿದ್ದ ಸುಣ್ಣಾಂಶವು ನುಣ್ಣನೆಯ ಕೆಸರಾಗಿ ತಳಕ್ಕಿಳಿಯಿತು. ನಡುನಡುವೆ ಜೇಡಿಯ ತೆಳುವಾದ ಪರೆಗಳು ಕೂಡಿಕೊಂಡವು. ಮೇಲಣ ಭಾರದಿಂದ ಕೆಸರು ಕಲ್ಲಾಯಿತು. ಜೇಡಿಯ ಪರೆಗಳು ಅದರ ಬಿರುಕಿನ ಗೆರೆಗಳಾದವು. ಇದರಲ್ಲಿ ಪ್ರಧಾನವಾದುದು ಕ್ಯಾಲ್ಸಿಯಂ ಕಾರ್ಬೊನೇಟು. ಮರಳಿನ ಅಂಶ, ಜೇಡಿ, ಕಬ್ಬಿಣಗಳು ಅಲ್ಪವಾಗಿ ಬೆರೆತು ಬೂದು, ಹಸುರು, ನಸುಗೆಂಪು ಛಾಯೆಗಳನ್ನು ಕೊಟ್ಟಿವೆ.

ಉಳಿಯನ್ನಿಟ್ಟು ಹೊಡೆದರೆ ಹಲಗೆಯಂತೆ ಎದ್ದುಬರುವ ಈ ಗುಣವೇ ಕಲ್ಲಿನ ಚರಿತ್ರೆಯನ್ನು ನಿರ್ಣಯಿಸಿತು. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ೧೯೯೪ರಿಂದ ನಡೆದ ಉತ್ಖನನದಲ್ಲಿ ಬೌದ್ಧಸ್ತೂಪದ ಸುಣ್ಣಕಲ್ಲಿನ ಫಲಕಗಳು ಹೊರಬಂದವು. ಅವುಗಳಲ್ಲೊಂದರ ಮೇಲೆ ಅಶೋಕನ ರೂಪವೂ ಬ್ರಾಹ್ಮೀಲಿಪಿಯಲ್ಲಿ ಆತನ ಹೆಸರೂ ಇವೆ. ನುಣುಪಾದ ಈ ಕಲ್ಲು ಉಳಿಗೆ ಒಲಿದುದರಿಂದಲೇ ಆ ಹೆಸರು ನಮ್ಮವರೆಗೆ ಬಂದಿತು. ನೃಪತುಂಗನ ರಾಜಧಾನಿಯೂ ಕವಿರಾಜಮಾರ್ಗದ ನೆಲೆಯೂ ಆಗಿದ್ದ ಮಳಖೇಡದಲ್ಲಿ ಇಂದು ಕಾಣುವ ಕೋಟೆಯ ಗೋಡೆಗಳೂ ಈ ಕಲ್ಲಿನವೇ. ಬಡವರ ಮನೆಯ ನೆಲಕ್ಕೂ ಮಾಳಿಗೆಗೂ ಇದೇ ಹಲಗೆಯು ಒದಗಿತು. ೧೮೭೧ರಲ್ಲಿ ಮುಂಬಯಿ–ಮದರಾಸು ರೈಲುದಾರಿಯು ವಾಡಿಯ ಮೂಲಕ ಕೂಡಿಕೊಂಡ ಮೇಲೆ ಪರಸಿಯು ದೂರದ ಊರುಗಳಿಗೂ ಸುಲಭವಾಗಿ ಹೋಗುವಂತಾಯಿತು.

ಕಲ್ಲಿಗೆ ಇನ್ನೊಂದು ಗತಿಯೂ ಉಂಟು. ಶುದ್ಧವಾದ ಸುಣ್ಣಕಲ್ಲು ನೂರು ಪಾಲನ್ನು ಸುಟ್ಟರೆ ನಲವತ್ತನಾಲ್ಕು ಪಾಲು ಇಂಗಾಲಾಮ್ಲ ವಾಯುವಾಗಿ ಹೋಗಿ ಐವತ್ತಾರು ಪಾಲು ಸುಣ್ಣ ಉಳಿಯುವುದು. ಜೇಡಿಯೊಡನೆ ಅರೆದು ಉಗ್ರವಾಗಿ ಸುಟ್ಟರೆ ಸಿಮೆಂಟಿನ ಮೂಲದ್ರವ್ಯವಾಗುವುದು. ಶಹಾಬಾದಿನ ಸಿಮೆಂಟ್ ಕಂಪನಿಯು ೧೯೩೬ರಲ್ಲಿ ಏರ್ಪಟ್ಟ ಎ.ಸಿ.ಸಿ. ಸಂಸ್ಥೆಯಲ್ಲಿ ಸೇರಿತು, ಅನಂತರ ವಾಡಿ, ಸೇಡಂ ಸೀಮೆಗಳಲ್ಲಿಯೂ ಕಾರ್ಖಾನೆಗಳು ಎದ್ದವು.

ಸುಣ್ಣವೆಂಬ ಮಾತು ಚೂರ್ಣದ ತದ್ಭವವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹಲಗೆಯಾಗಿ ಎದ್ದ ಕಲ್ಲು ಅಕ್ಷರವನ್ನು ಧರಿಸಬಲ್ಲುದು. ಚೂರ್ಣವಾದ ಕಲ್ಲಿನಲ್ಲಿ ಯಾವ ಬರಹವೂ ಉಳಿಯದು. ಸಿಮೆಂಟು ನಾಡಿಗೆ ಬೇಕು, ಗಣಿಯು ಜನರಿಗೆ ಅನ್ನ. ಆದರೆ ಗಣಿಯು ಹೊಸ ನೆಲಕ್ಕೆ ಕಾಲಿಡುವ ಮುನ್ನ ಅಲ್ಲಿಯ ದಿಬ್ಬಗಳನ್ನೂ ಹಾಳುಗುಡಿಗಳನ್ನೂ ಒಮ್ಮೆ ಶೋಧಿಸಿ ಬರೆದಿಡುವುದು ಅವಶ್ಯವಾದುದು. ಒಡೆದ ಮೇಲೆ ಓದಲು ಬಾರದು.