ಉಬ್ಬಿದ್ದು ನರವಲ್ಲ

ದಿನವಿಡೀ ದೋಸೆ ಹೆಂಚಿನ ಮುಂದೆ ನಿಲ್ಲುವ ಅಡುಗೆಯವರು, ಬಸ್ ಕಂಡಕ್ಟರುಗಳು, ಶಾಲೆಯ ಟೀಚರುಗಳು ಮೀನಖಂಡ ತೋರಿಸಿ 'ಕಾಲಿನ ನರ ಉಬ್ಬಿದೆ' ಎನ್ನುತ್ತಾರೆ. ಉಬ್ಬಿದ್ದು ನರವಲ್ಲ, ರಕ್ತನಾಳ. ಹೆಸರಿನ ಈ ಗೊಂದಲದಿಂದಲೇ ಎಷ್ಟೋ ಜನ ಎಣ್ಣೆ ತಿಕ್ಕಿಸಿಕೊಳ್ಳುತ್ತ, ನರಕ್ಕೆ ಶಕ್ತಿ ಬರಲೆಂದು ಮಾತ್ರೆ ನುಂಗುತ್ತ ವರ್ಷಗಟ್ಟಲೆ ಕಳೆಯುತ್ತಾರೆ. ನನ್ನ ಚಿಕ್ಕಮ್ಮನೂ ಹಾಗೇ ಮಾಡಿದರು. ಮೂವತ್ತು ವರ್ಷ ನಿಂತೇ ಪಾಠ ಹೇಳಿದವರು. ಸಂಜೆ ಮನೆಗೆ ಬಂದೊಡನೆ ಗೋಡೆಗೆ ಕಾಲೆತ್ತಿ ಮಲಗುತ್ತಿದ್ದರು. ಕಣಕಾಲಿನ ಒಳಬದಿಯ ಚರ್ಮ ಮೊದಲು ಕಂದಿತು, ಆಮೇಲೆ ಕಪ್ಪಾಯಿತು, ಕೊನೆಗೆ ರೂಪಾಯಿ ನಾಣ್ಯದಷ್ಟು ಹುಣ್ಣಾಯಿತು.

ಕಾಲಿಗಿಳಿದ ರಕ್ತ ಮತ್ತೆ ಹೃದಯಕ್ಕೆ ಏರಬೇಕು. ನಡೆಯುವಾಗ ಮೀನಖಂಡದ ಸ್ನಾಯು ಅದನ್ನು ಹಿಂಡಿ ಮೇಲೆ ತಳ್ಳುತ್ತದೆ. ಏರಿದ್ದು ಜಾರದಂತೆ ನಾಳದೊಳಗಿನ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ. ಕವಾಟ ಸೋತಲ್ಲಿ ರಕ್ತ ಹಿಂದಿರುಗಿ ಇಳಿಯುತ್ತದೆ, ನಾಳ ಹಿಗ್ಗಿ ಹಾವಿನಂತೆ ಸುತ್ತಿಕೊಳ್ಳುತ್ತದೆ. ಈ ಕವಾಟಗಳ ಮೇಲೆ ಪಾಡುವಾದ ಫ್ಯಾಬ್ರಿಷಿಯಸ್ 1603ರಲ್ಲೇ ಪುಸ್ತಕ ಬರೆದ. ಅವು ರಕ್ತವನ್ನು ಹೃದಯದತ್ತ ಮಾತ್ರ ಬಿಡುತ್ತವೆಂದು ಸ್ಪಷ್ಟವಾಗಿ ತೋರಿಸಿದ್ದು ಅವನ ಶಿಷ್ಯ ವಿಲಿಯಂ ಹಾರ್ವೆ, 1628ರಲ್ಲಿ.

ಕಾರಣ ತಿಳಿಯುವ ಮೊದಲೇ ಚಿಕಿತ್ಸೆ ನಡೆದಿತ್ತು. ನಮ್ಮ ಸುಶ್ರುತ ಸಂಹಿತೆಯಲ್ಲಿ ಸಿರಾವ್ಯಧಕ್ಕೆ (ನಾಳ ಚುಚ್ಚಿ ರಕ್ತ ತೆಗೆಯುವುದಕ್ಕೆ), ಜಿಗಣೆ ಹಚ್ಚುವುದಕ್ಕೆ ಪ್ರತ್ಯೇಕ ಅಧ್ಯಾಯಗಳಿವೆ. ರೋಮಿನ ಸೆಲ್ಸಸ್ ನಾಳವನ್ನು ಸುಡುವುದನ್ನೂ ಕಿತ್ತು ತೆಗೆಯುವುದನ್ನೂ ವಿವರಿಸಿದ್ದಾನೆ. ರೋಮಿನದೇ ಸೇನಾಪತಿ ಮಾರಿಯಸ್ ಮೈ ಕಟ್ಟಿಸಿಕೊಳ್ಳದೆಯೇ ಒಂದು ಕಾಲಿನ ನಾಳ ಕೊಯ್ಯಿಸಿಕೊಂಡು, ಈ ನೋವಿಗೆ ಗುಣವಾಗುವುದು ಸಾಟಿಯಲ್ಲವೆಂದು ಇನ್ನೊಂದನ್ನು ಬೇಡವೆಂದನೆಂದು ಪ್ಲುಟಾರ್ಕ್ ಬರೆದಿದ್ದಾನೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಜರ್ಮನಿಯ ಟ್ರೆಂಡೆಲೆನ್‌ಬರ್ಗ್, ಚರ್ಮದಡಿಯ ಮುಖ್ಯನಾಳವನ್ನು ತೊಡೆಯಲ್ಲೇ ಕಟ್ಟಿ ರಕ್ತ ಇಳಿಯುವುದನ್ನು ತಡೆದ. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್, ನಾಳದೊಳಗೆ ತಂತಿ ತೂರಿಸಿ ಇಡೀ ನಾಳವನ್ನೇ ಎಳೆದು ತೆಗೆಯುವ ಉಪಕರಣ ಮಾಡಿದ. ಈ 'ಸ್ಟ್ರಿಪ್ಪಿಂಗ್' ಸುಮಾರು ಒಂದು ಶತಮಾನ ಆಳಿತು. ತೊಡೆಸಂದಿಯಲ್ಲಿ ಗಾಯ, ಪೂರ್ತಿ ಅರಿವಳಿಕೆ, ತೊಡೆಯುದ್ದಕ್ಕೂ ನೀಲಿಗಟ್ಟಿದ ಚರ್ಮ. ಹಿರಿಯರು ಇಂದಿಗೂ ಹೆದರುವುದು ಆ ಆಪರೇಷನ್ನಿಗೇ.

ನಿಜವಾದ ತಿರುವು ಬಂದದ್ದು ಚಾಕುವಿನಿಂದಲ್ಲ, ನೋಟದಿಂದ. 1980ರ ದಶಕದಿಂದ ಡಾಪ್ಲರ್ ಸ್ಕ್ಯಾನ್ ಕಾಲಿನ ಪರೀಕ್ಷೆಗೂ ಬಂತು. ಚಿಕ್ಕಮ್ಮನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ತೊಡೆಗೆ ಜೆಲ್ ಹಚ್ಚಿ, ವೈದ್ಯರು ಮೀನಖಂಡವನ್ನು ಒಮ್ಮೆ ಹಿಂಡಿ ಬಿಟ್ಟರು. ಪರದೆಯಲ್ಲಿ ಒಂದು ಬಣ್ಣ ಮೂಡಿತು. ಕೈ ಬಿಟ್ಟೊಡನೆ ಇನ್ನೊಂದು ಬಣ್ಣ ತುಂಬಿ, ಹಾಗೇ ನಿಂತಿತು. ಅದೇ ಹಿಂದಿರುಗುತ್ತಿದ್ದ ರಕ್ತ. ಹುಣ್ಣು ಕಣಕಾಲಿನಲ್ಲಿ, ಮೂಲ ತೊಡೆಸಂದಿಯಲ್ಲಿ!

ಮೂಲ ಕಂಡ ಮೇಲೆ ನಾಳವನ್ನು ಕೀಳುವುದೇಕೆ, ಒಳಗಿನಿಂದಲೇ ಮುಚ್ಚಿದರೆ ಸಾಕಲ್ಲ? 1990ರ ದಶಕದ ಕೊನೆಗೆ ರೇಡಿಯೋ ತರಂಗದ ಶಾಖ, ಅದರ ಬೆನ್ನಿಗೇ ಲೇಸರ್ ಬಂದವು. ಸೂಜಿ ರಂಧ್ರದಿಂದ ತೆಳು ತಂತು ಒಳಹೋಗಿ, ಶಾಖದಿಂದ ನಾಳವನ್ನು ಮುಚ್ಚುತ್ತದೆ. ನಾಳದ ಸುತ್ತ ತುಂಬಿದ ಅರಿವಳಿಕೆಯ ದ್ರವ ನೋವನ್ನೂ ತಡೆಯುತ್ತದೆ, ಪಕ್ಕದ ಅಂಗಾಂಶವನ್ನೂ ಕಾಪಾಡುತ್ತದೆ. ರೋಗಿ ಅಂದೇ ನಡೆದು ಮನೆಗೆ ಹೋಗುತ್ತಾನೆ. ಔಷಧಿಯನ್ನು ನೊರೆಯಾಗಿಸಿ ಚುಚ್ಚುವ ಫೋಮ್ ವಿಧಾನ ಸ್ಪೇನ್, ಇಟಲಿಗಳಲ್ಲಿ ಬೆಳೆಯಿತು. ಅಗ್ಗ, ಸರಳ, ಆದರೆ ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವ ಸಾಧ್ಯತೆ ಶಾಖದ ವಿಧಾನಕ್ಕಿಂತ ಹೆಚ್ಚು. ಅಂಟು ಹಾಕಿ ಮುಚ್ಚುವ ವಿಧಾನಕ್ಕೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು, ಅದು ದುಬಾರಿ.

2013ರಲ್ಲಿ, ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ ಕ್ರಮವನ್ನೇ ತಿರುಗಿಸಿತು: ಮೊದಲು ಶಾಖ, ಅದಾಗದಿದ್ದರೆ ಫೋಮ್, ಅದೂ ಆಗದಿದ್ದರೆ ಶಸ್ತ್ರಕ್ರಿಯೆ. 2018ರಲ್ಲಿ ಪ್ರಕಟವಾದ ಎವ್ರಾ ಅಧ್ಯಯನ ನನಗೆ ಇನ್ನೂ ಮುಖ್ಯ. ಹುಣ್ಣಾದ 450 ಜನರಲ್ಲಿ ಎಲ್ಲರಿಗೂ ಬಿಗಿಪಟ್ಟಿ ಕಟ್ಟಿ, ಅರ್ಧ ಜನರಿಗೆ ನಾಳವನ್ನು ಬೇಗ ಮುಚ್ಚಲಾಯಿತು. ಅವರ ಹುಣ್ಣು ವಾಸಿಯಾದ ಮಧ್ಯಮ ಅವಧಿ 56 ದಿನ. ನಾಳ ಮುಚ್ಚುವುದನ್ನು ಮುಂದೂಡಲಾದ ಉಳಿದವರದು 82 ದಿನ.

ಬಿಗಿ ಕಾಲುಚೀಲ ಹಳೆಯದಾಯಿತೆಂದಲ್ಲ. ಕಾಲಿನ ಭಾರ, ಊತ ಇಳಿಸುವಲ್ಲಿ ಅದು ಇಂದಿಗೂ ಉಪಕಾರಿ. ಕಾಲಿಗೆ ಶುದ್ಧರಕ್ತ ಸರಿಯಾಗಿ ಬಾರದವರು ಮಾತ್ರ ವೈದ್ಯರನ್ನು ಕೇಳದೆ ಹಾಕಬಾರದು. ಲೇಸರ್ ಮಾಡಿಸಿಕೊಂಡವರಿಗೂ ಮುಂದೆ ಬೇರೆ ನಾಳ ಉಬ್ಬಬಹುದು. ನಿಲ್ಲಿಸಿ ಸ್ಕ್ಯಾನ್ ಮಾಡದೆ ಚಿಕಿತ್ಸೆಯ ದರ ಹೇಳುವ ಕಡೆ ಒಪ್ಪಿಕೊಳ್ಳಬೇಡಿ.

ಚಿಕಿತ್ಸೆಯ ಬಳಿಕ ಚಿಕ್ಕಮ್ಮನ ಹುಣ್ಣು ಎರಡು ತಿಂಗಳಲ್ಲಿ ಮುಚ್ಚಿತು. ಕಪ್ಪು ಕಲೆ ಉಳಿದಿದೆ. ನಿಮ್ಮ ಮನೆಯಲ್ಲೂ ಕಣಕಾಲು ಕಪ್ಪಾಗುತ್ತಿರುವವರಿದ್ದರೆ, ಹುಣ್ಣಾಗುವ ಮೊದಲೇ ಕರೆದುಕೊಂಡು ಹೋಗಿ ತೋರಿಸಿ.