ಮನೋವೈದ್ಯರ ಬಾಗಿಲಿಗೆ ದಾರಿ ತೋರುವವರು

ಮನೆಯಲ್ಲೊಬ್ಬರು ಹಲವು ರಾತ್ರಿ ನಿದ್ದೆಗೆಟ್ಟು ತಮ್ಮಷ್ಟಕ್ಕೆ ತಾವೇ ಮಾತಾಡತೊಡಗಿದರೆ ಮನೆಯವರನ್ನು ಮೊದಲು ಕಾಡುವುದು ಎಲ್ಲಿಗೆ ಕರೆದೊಯ್ಯಬೇಕೆಂಬ ಚಿಂತೆ. ಅಕ್ಕಪಕ್ಕದವರು ತಲೆಗೊಂದು ದಾರಿ ಹೇಳುತ್ತಾರೆ: ಗುಡಿ, ದರ್ಗಾ, ತಾಯತ, ಊರ ಡಾಕ್ಟರು. ಸರಿಯಾದ ಬಾಗಿಲು ತಲುಪುವಷ್ಟರಲ್ಲಿ ತಿಂಗಳುಗಳೇ, ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ನಮ್ಮಲ್ಲಿ ಮನೋವೈದ್ಯಕೀಯ ಬೆಳೆದ ಕತೆಯನ್ನು ಸಂಸ್ಥೆಗಳ, ಔಷಧಗಳ ಕತೆಯಾಗಿ ಹೇಳುವುದು ರೂಢಿ. ಈ ಅಲೆದಾಟ ಎಷ್ಟು ಕಡಿಮೆಯಾಯಿತು ಎಂದೂ ಕೇಳಬೇಕು.

ಮೊದಲಿಗೆ ಇದ್ದದ್ದು ಎತ್ತರದ ಗೋಡೆಗಳು. ಧಾರವಾಡದಲ್ಲೂ ಬೆಂಗಳೂರಿನಲ್ಲೂ 19ನೇ ಶತಮಾನದ ನಡುಭಾಗಕ್ಕಾಗಲೇ ಹುಚ್ಚಾಸ್ಪತ್ರೆಗಳಿದ್ದವು. 1912ರ ಕಾಯ್ದೆಯಡಿ ಬಹುಪಾಲು ರೋಗಿಗಳು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಹೋಗುತ್ತಿದ್ದರು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಹಳೆಯ ಆಸ್ಪತ್ರೆಯೂ ಈ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅದೇ ಐವತ್ತರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡಿದ್ದರು. ಮನೆಯವರನ್ನು ಗೇಟಿನಾಚೆ ನಿಲ್ಲಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಹೆಜ್ಜೆ.

ಆದರೂ ರೋಗಿ ಆಸ್ಪತ್ರೆಗೇ ಬರಬೇಕಿತ್ತು. ಈ ದಿಕ್ಕು ಬದಲಾಗತೊಡಗಿದ್ದು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಎಂದು ನನ್ನ ನಂಬಿಕೆ. ಎಪ್ಪತ್ತರ ದಶಕದ ನಡುವೆ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯ ತಂಡ ಇಲ್ಲಿ ಹಳ್ಳಿಗಳ ನಡುವೆ ಕೆಲಸಕ್ಕಿಳಿಯಿತು. ಮನೋವೈದ್ಯರು ಬೆರಳೆಣಿಕೆಯಷ್ಟೇ ಇರುವಾಗ ಅವರು ಮಾಡುವ ಕೆಲಸದಲ್ಲಿ ಒಂದಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮನೆಮನೆ ಸುತ್ತುವ ಆರೋಗ್ಯ ಸಹಾಯಕರಿಗೂ ಕಲಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಊರಲ್ಲಿ ಯಾರಿಗೆ ಮೂರ್ಛೆ ಬರುತ್ತದೆ, ಯಾರು ಕೆಲಸ ಬಿಟ್ಟು ಮೂಲೆ ಹಿಡಿದಿದ್ದಾರೆ, ಯಾರು ಅರ್ಥವಿಲ್ಲದ ಮಾತಾಡುತ್ತಾರೆ ಎಂಬುದು ಊರಿನವರಿಗೆ ಗೊತ್ತೇ ಇರುತ್ತದೆ. ಕೇಳುವವರು ಬೇಕು, ಕೇಳಿದ ಮೇಲೆ ಕೊಡಲು ಮಾತ್ರೆ ಇರಬೇಕು.

1982ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಒಪ್ಪಿಕೊಂಡಿತು. ಸಕಲವಾರದ ಪಾಠವನ್ನು ಇಡೀ ಜಿಲ್ಲೆಯಲ್ಲಿ ಪರೀಕ್ಷಿಸಲು 1985ರಲ್ಲಿ ಬಳ್ಳಾರಿಯನ್ನು ಆರಿಸಲಾಯಿತು. ಸುಮಾರು 20 ಲಕ್ಷ ಜನಸಂಖ್ಯೆಯ ಜಿಲ್ಲೆ ಅದು. ವೈದ್ಯರಿಗೆ ತರಬೇತಿ, ಆರೋಗ್ಯ ಕೇಂದ್ರಗಳಲ್ಲಿ ಕೆಲವೇ ಅಗತ್ಯ ಔಷಧಗಳು, ಜಿಲ್ಲಾ ಮಟ್ಟದಲ್ಲೊಂದು ತಂಡ. ಇಷ್ಟರಿಂದಲೇ ಹತ್ತಿರದ ಊರಲ್ಲಿ ಚಿಕಿತ್ಸೆ ಸಿಗಬಹುದೆಂದು ಬಳ್ಳಾರಿ ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಇದೇ. ಕನ್ನಡ ನಾಡು ದೇಶಕ್ಕೆ ಕೊಟ್ಟ ದೊಡ್ಡ ಕಾಣಿಕೆಗಳಲ್ಲಿ ಇದೂ ಒಂದು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಪುಟ ಸಿಗಬೇಕು.

ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿ ತೋರಿಸಿತು. ದರ್ಗಾ ಸುತ್ತಮುತ್ತಲ ಖಾಸಗಿ ತಾಣವೊಂದರಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳಲ್ಲಿ 28 ಮಂದಿ ಅಲ್ಲಿ ಹೊತ್ತಿಕೊಂಡ ಬೆಂಕಿಯಿಂದ ತಪ್ಪಿಸಿಕೊಳ್ಳಲಾಗದೆ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರಲ್ಲಿ ಬೇರೆ ದಾರಿ ಕಾಣದ ಮನೆಯವರೂ ಇದ್ದರು. 2017ರಲ್ಲಿ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಬಿಗಿಯುವುದನ್ನು ನಿಷೇಧಿಸಿತು, ಸರ್ಕಾರಿ ಸೇವೆ ಪಡೆಯುವುದನ್ನು ಹಕ್ಕಾಗಿಸಿತು, ಮೈಯ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಸಿಗಬೇಕೆಂದಿತು.

ಕಾಯ್ದೆಗೂ ಕಾಯಿಲೆ ಬಿದ್ದವರಿಗೂ ನಡುವಿನ ಅಂತರ ಮಾತ್ರ ದೊಡ್ಡದೇ. ಕಾಯ್ದೆಗೆ ತುಸು ಮೊದಲು 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ತೊಂದರೆಯಿರುವುದು ಕಂಡುಬಂತು. ಅವರಲ್ಲಿ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಂದ ದೂರವೇ ಇದ್ದರು. ಕರ್ನಾಟಕ ಇದಕ್ಕೆ ಕಂಡುಕೊಂಡ ಉತ್ತರಗಳಲ್ಲಿ ‘ಮನೋಚೈತನ್ಯ’ ನನಗೆ ಬಹಳ ಮೆಚ್ಚುಗೆ. ಅದರಡಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಬೆಂಗಳೂರು ಬಸ್ಸು ಹತ್ತುವ ಕಷ್ಟ ತಪ್ಪುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಈ ದೂರವನ್ನು ಫೋನ್ ಕರೆಯಷ್ಟಕ್ಕೆ ಇಳಿಸಿತು. ಜನರಿಗೆ ಅವರ ಭಾಷೆಯಲ್ಲೇ ತಿಳಿಹೇಳುವುದೂ ಈ ದೂರ ತಗ್ಗಿಸುವ ಕೆಲಸದ ಪಾಲೇ. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ನೂರಕ್ಕೂ ಹೆಚ್ಚು ಪುಸ್ತಕಗಳು ಎಷ್ಟೋ ಮನೆಗಳಿಗೆ ಮೊದಲ ದಾರಿದೀಪವಾದವು.

ಸೇವೆ ಸಿಕ್ಕರೆ ಸಾಲದು, ಅದು ನೆಚ್ಚತಕ್ಕದ್ದೂ ಆಗಿರಬೇಕು. ಮನೋವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರು, ಔಷಧ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆಪ್ತಸಮಾಲೋಚಕರ ವಿಷಯದಲ್ಲಿ ಇಂಥ ಕಟ್ಟುನಿಟ್ಟು ಇನ್ನೂ ಬೇರೂರಿಲ್ಲವಾದ್ದರಿಂದ ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಒಂದೇ ವಾರದಲ್ಲಿ ಪೂರ್ತಿ ಗುಣಪಡಿಸುತ್ತೇನೆ ಎನ್ನುವವರಿಂದ ದೂರವಿರಿ.

ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ, ನಿಮ್ಮೂರ ಆಶಾ ಕಾರ್ಯಕರ್ತೆಗೂ ಶಾಲೆಯ ಮೇಷ್ಟರಿಗೂ ಕೊಡಿ. ನೆರೆಮನೆಯವರು ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ತಾಲ್ಲೂಕು ಆಸ್ಪತ್ರೆಯ ಹೆಸರನ್ನೇ ಮೊದಲು ಹೇಳಿ, ಸಾಧ್ಯವಾದರೆ ಜೊತೆಗೇ ಹೋಗಿ.